ಮಕ್ಕಳ ಫುಟ್‌ಬಾಲ್ ಟೂರ್ನಿಯಲ್ಲಿ ಗೆಲ್ಲೋದು ಮಕ್ಕಳಾ, ಹುಟ್ಟಿದ ತಿಂಗಳಾ?

ಜುಲೈ ಬಂತು ಅಂದ್ರೆ ಸ್ವೀಡನ್‌ನ ಗೋಥೆನ್‌ಬರ್ಗ್ ಊರು ಒಂದು ವಾರ ಪೂರ್ತಿ ಮಕ್ಕಳದ್ದೇ. ಗೋಥಿಯಾ ಕಪ್ ಅಂತ, 1975ರಲ್ಲಿ ಅಲ್ಲಿನ ಬಿಕೆ ಹೆಕೆನ್ ಕ್ಲಬ್‌ನವರ ಕೈಯಲ್ಲಿ ಶುರುವಾದ ಟೂರ್ನಿ, ಈಗ 70ಕ್ಕೂ ಜಾಸ್ತಿ ದೇಶಗಳಿಂದ 1,600ಕ್ಕೂ ಜಾಸ್ತಿ ಟೀಮ್‌ಗಳು ಬರ್ತಾವೆ, 11 ವರ್ಷದವರಿಂದ ಹಿಡಿದು 19ರವರೆಗೆ ಹುಡುಗರಿಗೆ ಹುಡುಗಿಯರಿಗೆ ಬೇರೆ ಬೇರೆ ವಿಭಾಗ, ಎಷ್ಟೋ ಟೀಮ್‌ಗಳು ಶಾಲೆಗಳ ಕ್ಲಾಸ್‌ರೂಮ್‌ನಲ್ಲೇ ಹಾಸಿಗೆ ಹಾಸ್ಕೊಂಡು ಮಲಗ್ತಾವೆ, ಉಲ್ಲೆವಿ ಸ್ಟೇಡಿಯಂನಲ್ಲಿ ನಡೆಯೋ ಉದ್ಘಾಟನೆಗೆ ದೊಡ್ಡವರ ಎಷ್ಟೋ ಲೀಗ್ ಮ್ಯಾಚ್‌ಗಳಿಗಿಂತ ಜಾಸ್ತಿ ಜನ ಸೇರ್ತಾರೆ. ಮುಂದೆ ದೊಡ್ಡ ಸ್ಟಾರ್‌ಗಳಾದ ಪಿರ್ಲೊ, ಇಬ್ರಾಹಿಮೊವಿಚ್ ಥರದವರು ಚಿಕ್ಕವರಿದ್ದಾಗ ಇಲ್ಲಿ ಆಡಿದ್ದಾರೆ. ಇದೇ ಸೀಸನ್‌ನಲ್ಲಿ ಡೆನ್ಮಾರ್ಕ್‌ನಲ್ಲಿ ಡಾನಾ ಕಪ್, ಓಸ್ಲೋದಲ್ಲಿ 1972ರಿಂದ ನಡೀತಿರೋ ನಾರ್ವೆ ಕಪ್. 2025ರಲ್ಲಿ ಭಾರತದ ಮಿನರ್ವಾ ಅಕಾಡೆಮಿಯ ಹುಡುಗರು ತಮ್ಮ ವಿಭಾಗದಲ್ಲಿ ಈ ಮೂರನ್ನೂ ಒಂದರ ಹಿಂದೆ ಒಂದು ಗೆದ್ದು ಬಂದ್ರು.

ಯಾವ ದೇಶದ ಮಕ್ಕಳು ಗೆದ್ರೂ ಮರುದಿನ ಬರೋ ಮಾತು ಒಂದೇ. ಇವರೇ ನಾಳೆಯ ವಿಶ್ವಕಪ್ ಟೀಮ್, ಇನ್ನು ಹತ್ತು ವರ್ಷ ತಡೀರಿ ಅಂತ. ಆ ಖುಷಿ ನಿಜವಾದದ್ದು, ಮಕ್ಕಳು ಬೆವರು ಸುರಿಸಿ ಗೆದ್ದಿರ್ತಾರೆ, ಅದನ್ನ ಯಾರೂ ಕಡಿಮೆ ಮಾಡಬಾರದು. ಆದ್ರೆ ಆ ಎರಡನೇ ಭಾಗ ಇದೆಯಲ್ಲ, ಕಪ್ ನೋಡಿ ಭವಿಷ್ಯ ಹೇಳೋದು, ಅಲ್ಲೇ ಎಡವಟ್ಟಾಗೋದು. 12-13ರ ವಯಸ್ಸಿನಲ್ಲಿ ಗೆದ್ದ ಕಪ್ ಯಾರು ಮುಂದೆ ಒಳ್ಳೇ ಆಟಗಾರ ಆಗ್ತಾರೆ ಅನ್ನೋದನ್ನ ತುಂಬಾ ಕಡಿಮೆ ಹೇಳುತ್ತೆ. ಯಾರು ಯಾವ ತಿಂಗಳಲ್ಲಿ ಹುಟ್ಟಿದ್ರು, ಯಾರಿಗೆ ಮೊದಲು ಮೀಸೆ ಚಿಗುರ್ತು, ಯಾರ ಹತ್ರ ಪಾಸ್‌ಪೋರ್ಟ್ ಮತ್ತೆ ದುಡ್ಡು ಇತ್ತು ಅನ್ನೋದನ್ನ ಮಾತ್ರ ಚೆನ್ನಾಗೇ ಹೇಳುತ್ತೆ.

ಇನ್ನೂ ಸ್ವಲ್ಪ ದೊಡ್ಡ ಮಕ್ಕಳ ಲೆಕ್ಕವನ್ನೇ ಮೊದಲು ನೋಡೋಣ, ಯಾಕಂದ್ರೆ ಅಲ್ಲಿ ದಾಖಲೆ ಸ್ಪಷ್ಟವಾಗಿದೆ. ಹುಡುಗರ 17 ವರ್ಷದೊಳಗಿನ ವಿಶ್ವಕಪ್ 1985ರಲ್ಲಿ ಚೀನಾದಲ್ಲಿ ಶುರುವಾಯ್ತು (ಆಗ 16 ವರ್ಷದೊಳಗೆ ಇತ್ತು), ಅತಿ ಹೆಚ್ಚು ಸಲ ಗೆದ್ದಿರೋದು ನೈಜೀರಿಯಾ, ಐದು ಸಲ: 1985, 1993, 2007, 2013, 2015. ದೊಡ್ಡವರ ವಿಶ್ವಕಪ್‌ನಲ್ಲಿ ನೈಜೀರಿಯಾ ಯಾವತ್ತೂ ಕೊನೆಯ ಹದಿನಾರರ ಘಟ್ಟ ದಾಟಿಲ್ಲ. ಘಾನಾ ಎರಡು ಸಲ ಗೆದ್ದಿದೆ, 1989ರಲ್ಲಿ ಸೌದಿ ಅರೇಬಿಯಾ ಗೆದ್ದಿದೆ. ಈ ಕಡೆ ಅರ್ಜೆಂಟೀನಾ ನೋಡಿ, 1978, 1986, 2022 ಅಂತ ಮೂರು ಸಲ ವಿಶ್ವ ಚಾಂಪಿಯನ್, ಹುಡುಗರ ಈ ಕಪ್ ಒಂದು ಸಲನೂ ಗೆದ್ದಿಲ್ಲ. ನಾಲ್ಕು ವಿಶ್ವಕಪ್ ಇಟ್ಕೊಂಡಿರೋ ಇಟಲಿದೂ ಅದೇ ಕಥೆ. 16-17 ವರ್ಷದವರ ಫಲಿತಾಂಶಕ್ಕೇ ಈ ಗತಿ ಅಂದ್ಮೇಲೆ 12 ವರ್ಷದವರ ಫೈನಲ್ ನೋಡಿ ಏನಂತ ಭವಿಷ್ಯ ಹೇಳೋದು. ಅಂಥದ್ರಲ್ಲಿ 2025ರಿಂದ ಫಿಫಾ ಈ ಟೂರ್ನಿಯನ್ನ ಪ್ರತಿ ವರ್ಷ 48 ಟೀಮ್ ಇಟ್ಕೊಂಡು ಕತಾರ್‌ನಲ್ಲಿ ನಡೆಸ್ತಿದೆ. ಜಾಸ್ತಿ ದೇಶದ ಹುಡುಗರಿಗೆ ಅವಕಾಶ ಸಿಗುತ್ತೆ ಅನ್ನೋದು ಒಳ್ಳೇದೇ, ಆದ್ರೆ ಅದರ ಜೊತೆಗೆ ಆಯ್ಕೆ ಇನ್ನೂ ಬೇಗ ಶುರುವಾಗುತ್ತೆ, ಆ ಒತ್ತಡ ಮೆಲ್ಲಗೆ 14ಕ್ಕೆ, 12ಕ್ಕೆ, 10ಕ್ಕೆ ಇಳಿಯುತ್ತೆ.

ಈಗ ತಿಂಗಳ ವಿಷಯಕ್ಕೆ ಬರ್ತೀನಿ, ಇದು ನನ್ನ ಪ್ರಕಾರ ಈ ಇಡೀ ವಿಷಯದ ಹೃದಯ.

ಅಂತಾರಾಷ್ಟ್ರೀಯ ಮಟ್ಟದಲ್ಲಿ ಮಕ್ಕಳ ಟೂರ್ನಿಗಳ ವಯಸ್ಸಿನ ವಿಭಾಗಕ್ಕೆ ಸಾಮಾನ್ಯವಾಗಿ ಜನವರಿ 1 ಕಟ್-ಆಫ್. ಅಂದ್ರೆ 2013ರ ಜನವರಿ 2ಕ್ಕೆ ಹುಟ್ಟಿದವನೂ ಡಿಸೆಂಬರ್ 30ಕ್ಕೆ ಹುಟ್ಟಿದವನೂ ಒಂದೇ ವಿಭಾಗ. ದೊಡ್ಡವರಾದ್ಮೇಲೆ ಒಂದು ವರ್ಷ ಏನೂ ಅಲ್ಲ, ಆದ್ರೆ 10 ವರ್ಷದ ಮಗುಗೆ ಒಂದು ವರ್ಷ ಅಂದ್ರೆ ಅದರ ಇಡೀ ಆಯಸ್ಸಿನ ಹತ್ತನೇ ಒಂದು ಭಾಗ. ಜನವರಿ ಮಗು ಸ್ವಲ್ಪ ಉದ್ದ ಇರುತ್ತೆ, ಸ್ವಲ್ಪ ಜೋರಾಗಿ ಓಡುತ್ತೆ, ಕೋಚ್ ಹೇಳಿದ್ದು ಬೇಗ ಅರ್ಥ ಆಗುತ್ತೆ. ಅದನ್ನ ಕೋಚ್ ಪ್ರತಿಭೆ ಅಂತ ಓದ್ಕೋತಾರೆ, ಟೀಮ್‌ಗೆ ತಗೋತಾರೆ, ಟೀಮ್‌ಗೆ ತಗೊಂಡ್ಮೇಲೆ ಒಳ್ಳೇ ಟ್ರೈನಿಂಗ್, ಜಾಸ್ತಿ ಮ್ಯಾಚ್, ಒಳ್ಳೇ ಎದುರಾಳಿಗಳು, ಎರಡು ವರ್ಷ ಕಳೆಯೋದ್ರಲ್ಲಿ ಆ ಮಗು ನಿಜವಾಗ್ಲೂ ಚೆನ್ನಾಗಿ ಆಡುತ್ತೆ, ಆಗ ಕೋಚ್‌ಗೆ ನೋಡಿ ನಾನು ಸರಿಯಾಗೇ ಗುರುತಿಸಿದ್ದೆ ಅನ್ನಿಸುತ್ತೆ. ಡಿಸೆಂಬರ್ ಮಗು ಬೆಂಚ್ ಮೇಲೆ ಕೂತು ಕೂತು ಆಟನೇ ಬಿಟ್ಟಿರುತ್ತೆ. ಕೋಚ್ ಯಾವ ಮೋಸನೂ ಮಾಡಿರಲ್ಲ, ಅದೇ ಇದರ ಬೇಜಾರು.

ಇದು ಬರೀ ಊಹೆ ಅಲ್ಲ, 1985ರಲ್ಲೇ ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ನೋಡಿ ಸಂಶೋಧಕರು ಇದನ್ನ ಬರೆದಿದ್ರು, ಆಮೇಲೆ ಫುಟ್‌ಬಾಲ್‌ನಲ್ಲಿ ದೇಶದಿಂದ ದೇಶಕ್ಕೆ ಇದೇ ಕಾಣಿಸ್ತಾ ಬಂತು. ಇದು ಜನವರಿ ತಿಂಗಳ ಮಹಿಮೆ ಅಲ್ಲ ಅನ್ನೋದಕ್ಕೆ ಒಳ್ಳೇ ಪುರಾವೆ ಬೆಲ್ಜಿಯಂನಿಂದ ಸಿಕ್ತು. ಅಲ್ಲಿ ಮೊದಲು ಆಗಸ್ಟ್ 1 ಕಟ್-ಆಫ್ ಇತ್ತು, 1997ರಲ್ಲಿ ಅದನ್ನ ಜನವರಿ 1ಕ್ಕೆ ಬದಲಾಯಿಸಿದ್ರು. ತಾರೀಕು ಬದಲಾಗಿದ್ದಷ್ಟೇ ತಡ, ಆಯ್ಕೆ ಆಗೋ ಮಕ್ಕಳ ಹುಟ್ಟಿದ ತಿಂಗಳೂ ಆಗಸ್ಟ್ ಕಡೆಯಿಂದ ಜನವರಿ ಕಡೆಗೆ ಸರಿದುಬಿಡ್ತು. ಇಂಗ್ಲೆಂಡ್‌ನಲ್ಲಿ ಶಾಲೆಯ ವರ್ಷದ ಲೆಕ್ಕದಲ್ಲಿ ಸೆಪ್ಟೆಂಬರ್ 1 ಕಟ್-ಆಫ್, ಅಲ್ಲಿ ಲಾಭ ಸೆಪ್ಟೆಂಬರ್ ಮಕ್ಕಳಿಗೆ. ಆಫೀಸಲ್ಲಿ ಕೂತು ಯಾರೋ ಬರೆದ ಒಂದು ತಾರೀಕು ಸಾವಿರಾರು ಮಕ್ಕಳಲ್ಲಿ ಯಾರು ಆಟಗಾರ ಯಾರು ಅಲ್ಲ ಅಂತ ತೀರ್ಮಾನ ಮಾಡ್ತಿದೆ, ಅದಕ್ಕಿಂತ ದೊಡ್ಡ ಅನ್ಯಾಯ ಈ ಆಟದಲ್ಲಿ ನನಗೆ ಕಾಣಲ್ಲ.

ತಿಂಗಳ ಮೇಲೆ ಇನ್ನೊಂದು ಪದರ ಇದೆ, ದೇಹ ಬೆಳೆಯೋ ವೇಗ. ಹುಡುಗಿಯರು ಸುಮಾರು 12ರ ಹೊತ್ತಿಗೆ, ಹುಡುಗರು ಸುಮಾರು 14ರ ಹೊತ್ತಿಗೆ ಸರ್ರನೆ ಉದ್ದ ಆಗ್ತಾರೆ, ಆದ್ರೆ ಅದು ಸರಾಸರಿ. ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರಲ್ಲಿ ಒಬ್ಬ 12ಕ್ಕೇ ಬೆಳೆದುಬಿಡಬಹುದು, ಇನ್ನೊಬ್ಬ 15ಕ್ಕೂ ಬೆಳೆಯದೇ ಇರಬಹುದು. ಹಾಗಾಗಿ 13 ವರ್ಷದೊಳಗಿನವರ ಫೈನಲ್ ಅಂದ್ರೆ ಕೆಲವು ಸಲ ಗಂಡಸಾಗ್ತಿರೋ ಹುಡುಗ ಒಬ್ಬ ಮಗು ಥರ ಇರೋ ಹುಡುಗನ ಜೊತೆ ಭುಜಕ್ಕೆ ಭುಜ ಕೊಟ್ಟು ಬಾಲ್‌ಗೆ ಓಡೋದು. ಅಂಥ ಆಟದಲ್ಲಿ ಚಿಕ್ಕವನ ಚುರುಕು ಕಾಲು ಯಾರ ಕಣ್ಣಿಗೆ ಬೀಳಬೇಕು ಹೇಳಿ.

ಆಂಟೊನ್ ಗ್ರೀಜ್‌ಮನ್ ಕಥೆ ಇಲ್ಲಿ ನೆನಪಾಗುತ್ತೆ. ಚಿಕ್ಕ ಮೈಕಟ್ಟು ಅಂತ ಫ್ರಾನ್ಸ್‌ನ ಒಂದಲ್ಲ, ಹಲವು ಕ್ಲಬ್‌ಗಳು ಬೇಡ ಅಂದಿದ್ವು. 2005ರಲ್ಲಿ ಮೊಂಪೆಲಿಯೆ ಕ್ಲಬ್‌ಗೆ ಟ್ರಯಲ್ ಕೊಡ್ತಾ ಪ್ಯಾರಿಸ್‌ನಲ್ಲಿ ಒಂದು ಹುಡುಗರ ಟೂರ್ನಿ ಆಡ್ತಿದ್ದಾಗ ಸ್ಪೇನ್‌ನ ರಿಯಲ್ ಸೊಸೈಡಾಡ್ ಕ್ಲಬ್‌ನ ಸ್ಕೌಟ್ (ಪ್ರತಿಭೆ ಹುಡುಕೋರು) ನೋಡಿ ಕರೆದ್ರು. 2018ರಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದಾಗ ಫೈನಲ್‌ನಲ್ಲಿ ಗೋಲು ಹೊಡೆದವರಲ್ಲಿ ಇವರೂ ಒಬ್ಬರು. ಟೂರ್ನಿಗಳ ಒಳ್ಳೇ ಮುಖ ಅಂದ್ರೆ ಇದೇ, ಅದನ್ನ ನಾನು ಮನಸಾರೆ ಒಪ್ತೀನಿ, ನಿಮ್ಮೂರ ಕೋಚ್ ಕಣ್ಣಿಗೆ ಕಾಣದ್ದು ಬೇರೆ ದೇಶದ ಇನ್ನೊಬ್ಬರ ಕಣ್ಣಿಗೆ ಕಾಣಬಹುದು. ಆದ್ರೆ ಒಬ್ಬರು ಕಂಡ್ರು ಅಂತ ಕಾಣದೇ ಹೋದವರನ್ನ ಮರೆಯೋಕಾಗಲ್ಲ, ಅವರ ಹೆಸರು ನಮಗೆ ಯಾವತ್ತೂ ಗೊತ್ತಾಗಲ್ಲ ಅಷ್ಟೇ.

ಇದಕ್ಕೆ ಪರಿಹಾರ ಇಲ್ಲವೇ ಇಲ್ಲ ಅಂತಲ್ಲ. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನವರು ಸುಮಾರು ಹತ್ತು ವರ್ಷದ ಹಿಂದೆ ಬಯೋ-ಬ್ಯಾಂಡಿಂಗ್ ಅಂತ ಒಂದು ಪ್ರಯೋಗ ಮಾಡಿದ್ರು. ಮಗುವಿನ ಈಗಿನ ಎತ್ತರ, ತೂಕ, ಅಪ್ಪ ಅಮ್ಮನ ಎತ್ತರ ಇಟ್ಕೊಂಡು ಆ ಮಗು ದೊಡ್ಡದಾದ್ಮೇಲೆ ಎಷ್ಟು ಉದ್ದ ಆಗಬಹುದು ಅಂತ ಅಂದಾಜು ಮಾಡ್ತಾರೆ, ಅದರಲ್ಲಿ ಈಗಾಗ್ಲೇ ಶೇ 85ರಿಂದ 90ರಷ್ಟು ತಲುಪಿದವರನ್ನೆಲ್ಲ ವಯಸ್ಸು ನೋಡದೆ ಒಂದೇ ಗುಂಪು ಮಾಡಿ ಆಡಿಸೋದು. ಆಮೇಲೆ ಮಕ್ಕಳನ್ನ ಕೇಳಿದಾಗ ಬೇಗ ಬೆಳೆದ ಹುಡುಗರು ಇದು ಕಷ್ಟ ಇತ್ತು, ತಳ್ಳಿಕೊಂಡು ಹೋಗೋಕಾಗ್ಲಿಲ್ಲ, ಬೇಗ ಯೋಚನೆ ಮಾಡಿ ಪಾಸ್ ಕೊಡಬೇಕಾಯ್ತು ಅಂದ್ರು, ತಡವಾಗಿ ಬೆಳೆಯೋ ಹುಡುಗರು ಮೊದಲ ಸಲ ಆಟ ತಮ್ಮ ಕೈಯಲ್ಲಿದ್ದ ಹಾಗೆ ಅನ್ನಿಸ್ತು ಅಂದ್ರು. ಅಂದ್ರೆ ಇಬ್ಬರೂ ಕಲಿತ್ರು. ಬೆಲ್ಜಿಯಂನಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ, ತಡವಾಗಿ ಬೆಳೆಯೋ ಮಕ್ಕಳಿಗೇ ಪ್ರತ್ಯೇಕ ರಾಷ್ಟ್ರೀಯ ಟೀಮ್, ಅವರನ್ನ ಕೈಬಿಡದೆ ಅಂತಾರಾಷ್ಟ್ರೀಯ ಮ್ಯಾಚ್ ಆಡಿಸ್ತಾ ಕಾಯೋದು. ದೊಡ್ಡ ದೊಡ್ಡ ಬೇಸಿಗೆ ಟೂರ್ನಿಗಳಲ್ಲಿ ನೂರಾರು ಮೈದಾನ ಇರುತ್ತೆ, ಒಂದು ದಿನ ಒಂದು ವಿಭಾಗಕ್ಕಾದ್ರೂ ಇದನ್ನ ಸೇರಿಸೋದು ಅಸಾಧ್ಯ ಏನಲ್ಲ.

ವಯಸ್ಸಿನ ಮೋಸದ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. ಸುಳ್ಳು ವಯಸ್ಸು ಕೊಟ್ಟು ಆಡಿಸೋದು ಹಳೇ ಕಾಯಿಲೆ, ಅದನ್ನ ತಡೆಯೋಕೆ ಫಿಫಾ 2009ರಲ್ಲಿ ನೈಜೀರಿಯಾದಲ್ಲಿ ನಡೆದ ಹುಡುಗರ ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐ ಶುರು ಮಾಡ್ತು. ಮುಂಗೈ ಮೂಳೆಯ ತುದಿಯಲ್ಲಿರೋ ಗ್ರೋತ್ ಪ್ಲೇಟ್ (ಮೂಳೆ ಉದ್ದ ಬೆಳೆಯೋ ಮೆದು ಪದರ) ಪೂರ್ತಿ ಕೂಡ್ಕೊಂಡಿದ್ರೆ ಹುಡುಗನಿಗೆ 17 ದಾಟಿರೋ ಸಾಧ್ಯತೆ ತುಂಬಾ ಜಾಸ್ತಿ ಅನ್ನೋದು ಲೆಕ್ಕ, ಎಕ್ಸ್-ರೇ ಥರ ವಿಕಿರಣ ಇಲ್ಲ ಅನ್ನೋದು ಅನುಕೂಲ. ಆದ್ರೆ ಇದರಲ್ಲೊಂದು ಮಿತಿ ಇದೆ, ಅದನ್ನ ಮಕ್ಕಳ ಟೂರ್ನಿ ಬಗ್ಗೆ ಮಾತಾಡೋರು ಮರೀತಾರೆ. ಈ ಪರೀಕ್ಷೆ ಕೆಲಸ ಮಾಡೋದು 17ರ ಗಡಿ ಹತ್ರ ಮಾತ್ರ. 12ರ ವಿಭಾಗದಲ್ಲಿ 14ರ ಹುಡುಗನನ್ನ ಇಳಿಸಿದ್ರೆ ಇಬ್ಬರ ಮೂಳೆನೂ ಇನ್ನೂ ತೆರೆದೇ ಇರುತ್ತೆ, ಎಂಆರ್‌ಐ ಏನೂ ಹೇಳಲ್ಲ. ಮೂಳೆ ನೋಡಿ ವಯಸ್ಸು ಹೇಳೋ ಎಕ್ಸ್-ರೇ ವಿಧಾನಗಳಿವೆ, ಆದ್ರೆ ಬೇಗ ಬೆಳೆಯೋ ಮಗುವಿನ ಮೂಳೆ ಸಹಜವಾಗೇ ಮುಂದೆ ಇರುತ್ತೆ, ಸತ್ಯ ಹೇಳಿದ ಮಗುವನ್ನೇ ಸುಳ್ಳ ಅಂತ ಹೊರಗೆ ಹಾಕೋ ಅಪಾಯ ಇದೆ. ಎತ್ತರ ಇದ್ದಾನೆ, ಧ್ವನಿ ಒಡೆದಿದೆ ಅಂತ ಆನ್‌ಲೈನ್‌ನಲ್ಲಿ ಯಾವುದೋ ದೇಶದ 13 ವರ್ಷದ ಹುಡುಗನ ಫೋಟೋ ಹಾಕಿ ಇವನಿಗೆ ಇಪ್ಪತ್ತಾಗಿದೆ ಅಂತ ಬರೆಯೋದನ್ನ ನೋಡಿದ್ರೆ ಸಂಕಟ ಆಗುತ್ತೆ. ಮೋಸ ಇದ್ರೆ ಮಾಡಿರೋದು ಕಾಗದ ಮಾಡಿಸಿದ ದೊಡ್ಡವರು, ಶಿಕ್ಷೆ ಮಾತ್ರ ಮಗು ಮುಖಕ್ಕೆ.

ಕೊನೆಗೆ ಎಲ್ಲ ಕಾಗದಕ್ಕೇ ಬಂದು ನಿಲ್ಲುತ್ತೆ. ಯುನಿಸೆಫ್ ಲೆಕ್ಕದಲ್ಲಿ ಪ್ರಪಂಚದಲ್ಲಿ ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳ ಜನನ ನೋಂದಣಿನೇ ಆಗಿಲ್ಲ. ಇಂಥ ಮಕ್ಕಳು ಬೆಳೆದು ಫುಟ್‌ಬಾಲ್ ಆಡೋಕೆ ಶುರು ಮಾಡಿದ್ರೆ ಅವರನ್ನ ಯಾವ ವಿಭಾಗಕ್ಕೆ ಹಾಕ್ತೀರಿ, ಯಾವ ವೀಸಾ ಕೊಡಿಸ್ತೀರಿ? ಈ ಪ್ರಶ್ನೆಯನ್ನ ನೇರವಾಗಿ ಕೈಗೆತ್ಕೊಂಡಿರೋದು ಸ್ಟ್ರೀಟ್ ಚೈಲ್ಡ್ ವರ್ಲ್ಡ್ ಕಪ್. 2010ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಶುರುವಾಗಿ 2014ರಲ್ಲಿ ರಿಯೊ, 2018ರಲ್ಲಿ ಮಾಸ್ಕೋ, 2022ರಲ್ಲಿ ದೋಹಾ ಅಂತ ವಿಶ್ವಕಪ್ ನಡೆಯೋ ದೇಶದಲ್ಲೇ ಬೀದಿ ಮಕ್ಕಳ ಟೂರ್ನಿ ನಡೆಸಿದ್ರು. ಅಲ್ಲಿಗೆ ಹೋಗಬೇಕು ಅನ್ನೋ ಕಾರಣಕ್ಕೇ ಎಷ್ಟೋ ಮಕ್ಕಳಿಗೆ ಜೀವನದಲ್ಲಿ ಮೊದಲ ಸಲ ಜನನ ಪತ್ರ, ಪಾಸ್‌ಪೋರ್ಟ್ ಆಯ್ತು. ಟೂರ್ನಿ ಮುಗಿದ್ಮೇಲೂ ಆ ಕಾಗದ ಅವರ ಹತ್ರ ಇರುತ್ತೆ, ಶಾಲೆಗೆ, ಆಸ್ಪತ್ರೆಗೆ ಅದೇ ಕೆಲಸಕ್ಕೆ ಬರುತ್ತೆ. ಯಾವ ಟ್ರೋಫಿಗಿಂತಲೂ ದೊಡ್ಡದು ಅದು ಅಂತ ನಾನು ನಂಬ್ತೀನಿ. ಗೋಥಿಯಾದಲ್ಲೂ ಸ್ವೀಡನ್‌ನ ಬೇರಿಂಗ್ ತಯಾರಿಸೋ ಎಸ್‌ಕೆಎಫ್ ಕಂಪನಿ 2007ರಿಂದ ಬೇರೆ ಬೇರೆ ದೇಶಗಳಲ್ಲಿ ಅರ್ಹತಾ ಟೂರ್ನಿ ನಡೆಸಿ ಗೆದ್ದ ಟೀಮ್‌ಗಳನ್ನ ಖರ್ಚು ಕೊಟ್ಟು ಕರೆಸುತ್ತೆ, ಆದ್ರೆ ಬಾಕಿ ಬಹುಪಾಲು ಟೀಮ್‌ಗಳು ಬರೋದು ಅಪ್ಪ ಅಮ್ಮಂದಿರ ಜೇಬಿನಿಂದ ಅಥವಾ ಅಕಾಡೆಮಿಯ ದುಡ್ಡಿಂದ. ಎಂಟ್ರಿ ಫೀ, ವಿಮಾನ, ವೀಸಾ, ವಸತಿ. ಅಂತಾರಾಷ್ಟ್ರೀಯ ಅಂತ ಕರೆಯೋ ಟೂರ್ನಿಗೆ ಬರೋದು ಪ್ರತಿ ದೇಶದಲ್ಲೂ ಖರ್ಚು ಮಾಡೋಕಾಗೋ ಮನೆಯ ಮಕ್ಕಳೇ ಜಾಸ್ತಿ.

ದುಡ್ಡು ಅಂದ್ಮೇಲೆ ಸ್ಕೌಟ್‌ಗಳು. ಇಲ್ಲಿ ಒಬ್ಬ ಹುಡುಗನ ಕಥೆ ಪೂರ್ತಿ ಹೇಳಬೇಕು. 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಡಾನೋನ್ ನೇಷನ್ಸ್ ಕಪ್ ನಡೀತು, 10ರಿಂದ 12 ವರ್ಷದ ಮಕ್ಕಳಿಗೆ 2000ದಿಂದ ನಡೀತಾ ಬಂದಿದ್ದ ಟೂರ್ನಿ. ಅಲ್ಲಿ ದಕ್ಷಿಣ ಕೊರಿಯಾದ ಲೀ ಸುಂಗ್-ವೂ ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದ, ಸ್ಪೇನ್‌ನ ಬಾರ್ಸಿಲೋನಾ ಕ್ಲಬ್‌ನ ಸ್ಕೌಟ್‌ಗಳ ಕಣ್ಣಿಗೆ ಬಿದ್ದ, ಮರುವರ್ಷ ಅವರ ಅಕಾಡೆಮಿ ಸೇರಿದ. ಕೊರಿಯನ್ ಮೆಸ್ಸಿ ಅಂತ ಹೆಸರಿಟ್ರು. ಆದ್ರೆ ಫಿಫಾದ ವರ್ಗಾವಣೆ ನಿಯಮದ 19ನೇ ವಿಧಿ ಪ್ರಕಾರ 18 ತುಂಬದ ಆಟಗಾರನನ್ನ ಒಂದು ದೇಶದಿಂದ ಇನ್ನೊಂದಕ್ಕೆ ವರ್ಗ ಮಾಡೋ ಹಾಗಿಲ್ಲ, ಕೆಲವೇ ವಿನಾಯಿತಿ: ಅಪ್ಪ ಅಮ್ಮ ಫುಟ್‌ಬಾಲ್‌ಗೆ ಸಂಬಂಧ ಇಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿದ್ರೆ, ಯುರೋಪಿಯನ್ ಒಕ್ಕೂಟದ ಒಳಗೆ 16 ದಾಟಿದ್ರೆ, ಅಥವಾ ಮನೆ ಮತ್ತು ಕ್ಲಬ್ ಎರಡೂ ಗಡಿಯಿಂದ 50 ಕಿಲೋಮೀಟರ್ ಒಳಗಿದ್ರೆ, ಇಂಥವು. ಮಕ್ಕಳನ್ನ ಸರಕಿನ ಥರ ಸಾಗಿಸೋದನ್ನ ತಡೆಯೋಕೆ ಮಾಡಿದ ನಿಯಮ ಇದು. 2014ರ ಏಪ್ರಿಲ್‌ನಲ್ಲಿ ಇದನ್ನ ಮುರಿದಿದ್ದಕ್ಕೆ ಬಾರ್ಸಿಲೋನಾಗೆ ಎರಡು ಟ್ರಾನ್ಸ್‌ಫರ್ ವಿಂಡೋ (ಹೊಸ ಆಟಗಾರರನ್ನ ಕೊಳ್ಳೋ ಅವಧಿ) ನಿಷೇಧ ಬಿತ್ತು, ಮುಂದೆ ರಿಯಲ್ ಮ್ಯಾಡ್ರಿಡ್, ಅಟ್ಲೆಟಿಕೋ ಮ್ಯಾಡ್ರಿಡ್, ಚೆಲ್ಸಿಗೂ ಇದೇ ಥರದ ನಿಷೇಧ ಬಂತು.

ಕ್ಲಬ್ ಏನೋ ನಿಷೇಧ ಮುಗಿಸ್ಕೊಂಡು ಮತ್ತೆ ಕೋಟಿ ಕೋಟಿ ಸುರಿದು ಆಟಗಾರರನ್ನ ಕೊಂಡ್ಕೊಳ್ತು. ಲೀ ಮಾತ್ರ 2016ರ ಜನವರಿಯಲ್ಲಿ 18 ತುಂಬೋವರೆಗೆ ಕ್ಲಬ್ ಪರವಾಗಿ ಅಧಿಕೃತ ಮ್ಯಾಚ್ ಆಡೋ ಹಾಗಿರಲಿಲ್ಲ. ಆಟಗಾರ ರೂಪುಗೊಳ್ಳೋ ವಯಸ್ಸೇ ಅದು. ಬಾರ್ಸಿಲೋನಾ ಮೊದಲ ಟೀಮ್‌ಗೆ ಅವರು ಬರಲೇ ಇಲ್ಲ, ಇಟಲಿ, ಬೆಲ್ಜಿಯಂ ಸುತ್ತಿ ಕೊರಿಯಾದ ಲೀಗ್‌ಗೆ ವಾಪಸ್ ಹೋದ್ರು, ನಡುವೆ 2018ರ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಜಪಾನ್ ವಿರುದ್ಧ ಗೋಲು ಹೊಡೆದು ಚಿನ್ನ ಗೆದ್ರು, ಅಂದ್ರೆ ಒಳ್ಳೇ ಆಟಗಾರನೇ. ಅದೇ ಅಕಾಡೆಮಿಯಲ್ಲಿದ್ದ ಜಪಾನ್‌ನ ಟಕೆಫುಸಾ ಕುಬೊ 2015ರಲ್ಲಿ ಊರಿಗೆ ವಾಪಸ್ ಹೋಗಿ ಅಲ್ಲಿ ಮ್ಯಾಚ್ ಆಡ್ತಾ ಬೆಳೆದು ಆಮೇಲೆ ಸ್ಪೇನ್‌ಗೆ ಬಂದ್ರು. ನಿಯಮ ತಪ್ಪು ಅಂತ ನಾನು ಹೇಳ್ತಿಲ್ಲ, ನಿಯಮ ಬೇಕೇ ಬೇಕು. ನಿಯಮ ಇದೆ ಅಂತ ಗೊತ್ತಿರಬೇಕಾದ ದೊಡ್ಡ ಕ್ಲಬ್ 12-13 ವರ್ಷದ ಮಕ್ಕಳನ್ನ ಮನೆಯಿಂದ ಕರ್ಕೊಂಡು ಬಂದು ಅತಂತ್ರ ಮಾಡ್ತು, ಅದೂ ಒಂದು ವಾರದ ಟೂರ್ನಿಯ ಗೋಲಿನ ಲೆಕ್ಕ ನೋಡಿ.

ಇಷ್ಟು ಚಿಕ್ಕ ಮಕ್ಕಳ ಹಿಂದೆ ಕ್ಲಬ್‌ಗಳು ಯಾಕೆ ಬೀಳ್ತವೆ ಅನ್ನೋದಕ್ಕೆ ಇನ್ನೊಂದು ಕಾರಣ ಫಿಫಾ ನಿಯಮದಲ್ಲೇ ಇದೆ. ಆಟಗಾರ ಮುಂದೆ ದೊಡ್ಡ ಮೊತ್ತಕ್ಕೆ ಬೇರೆ ದೇಶದ ಕ್ಲಬ್‌ಗೆ ಹೋದ್ರೆ ಆ ಮೊತ್ತದ ಶೇ 5ರಷ್ಟನ್ನ ಅವನನ್ನ 12ರಿಂದ 23 ವರ್ಷದವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರವರೆಗೆ ವರ್ಷಕ್ಕೆ ಶೇ 0.25, ಆಮೇಲೆ ವರ್ಷಕ್ಕೆ ಶೇ 0.5. ಒಂದು ಕೋಟಿ ಯೂರೋ ಟ್ರಾನ್ಸ್‌ಫರ್ ಅಂದ್ರೆ 12ನೇ ವರ್ಷ ಯಾರ ಹತ್ರ ಇದ್ದನೋ ಆ ಕ್ಲಬ್‌ಗೆ 25,000 ಯೂರೋ. ಸಣ್ಣ ಕ್ಲಬ್‌ಗಳಿಗೆ ಇದು ನಿಜಕ್ಕೂ ಆಸರೆ, 2022ರಿಂದ ಪ್ಯಾರಿಸ್‌ನಲ್ಲಿ ಫಿಫಾ ಕ್ಲಿಯರಿಂಗ್ ಹೌಸ್ ಅಂತ ಮಾಡಿ ಈ ದುಡ್ಡು ತಲುಪಬೇಕಾದವರಿಗೆ ತಲುಪೋ ಹಾಗೆ ಮಾಡ್ತಿದ್ದಾರೆ, ಒಳ್ಳೇ ಕೆಲಸ. ಆದ್ರೆ ಇದೇ ಲೆಕ್ಕದಿಂದ 12 ವರ್ಷದ ಮಗುವಿನ ಮೇಲೆ ಒಂದು ಬೆಲೆ ಚೀಟಿನೂ ಅಂಟ್ಕೊಳ್ಳುತ್ತೆ. ಇನ್ನು ಈ ಕಡೆ ಸುಳ್ಳು ಏಜೆಂಟ್‌ಗಳು, ಯುರೋಪ್‌ನಲ್ಲಿ ಟ್ರಯಲ್ ಕೊಡಿಸ್ತೀನಿ ಅಂತ ಮನೆಯವರ ಹತ್ರ ದುಡ್ಡು ಕಿತ್ಕೊಂಡು ಮಕ್ಕಳನ್ನ ಯಾವುದೋ ಊರಲ್ಲಿ ಬಿಟ್ಟು ಹೋಗೋರು. 2023ರಲ್ಲಿ ಪೋರ್ಚುಗಲ್‌ನ ಉತ್ತರ ಭಾಗದ ಒಂದು ಅಕಾಡೆಮಿ ಮೇಲೆ ಅಧಿಕಾರಿಗಳು ದಾಳಿ ಮಾಡಿದಾಗ ಬೇರೆ ದೇಶಗಳಿಂದ ಬಂದ ಹತ್ತಾರು ಹುಡುಗರು ಸಿಕ್ಕಿದ್ರು. ಟೂರ್ನಿಯ ಆಹ್ವಾನ ಪತ್ರ, ಅದರ ಹೆಸರಲ್ಲಿ ಸಿಗೋ ವೀಸಾ, ಇವೆಲ್ಲ ಇಂಥವರಿಗೆ ಬಳಸೋಕೆ ಸುಲಭ, ಹಾಗಾಗಿ ಬಂದ ಮಗು ಯಾರ ಜೊತೆ ಬಂತು, ಯಾರ ಜೊತೆ ವಾಪಸ್ ಹೋಯ್ತು ಅನ್ನೋ ಲೆಕ್ಕ ಸಂಘಟಕರ ಹತ್ರ ಪಕ್ಕಾ ಇರಲೇಬೇಕು.

ದೇಹದ ಬಗ್ಗೆ ಸ್ವಲ್ಪ ಹೇಳ್ತೀನಿ. ಬೆಳೆಯೋ ಮಕ್ಕಳಿಗೆ ಮಂಡಿ ಕೆಳಗೆ, ಹಿಮ್ಮಡಿಯಲ್ಲಿ ನೋವು ಬರೋದು ಸಾಮಾನ್ಯ, ಮೂಳೆ ಬೇಗ ಉದ್ದ ಆಗುತ್ತೆ, ಸ್ನಾಯು ಅದನ್ನ ಎಳೀತಿರುತ್ತೆ, ಒಂದು ವಾರದಲ್ಲಿ ಆರೇಳು ಮ್ಯಾಚ್ ಆಡಿಸಿದ್ರೆ ಅದು ಜಾಸ್ತಿ ಆಗುತ್ತೆ. ಇನ್ನು ಹೆಡ್ಡಿಂಗ್. ಅಮೆರಿಕದಲ್ಲಿ 2015ರಲ್ಲೇ 10 ವರ್ಷದವರೆಗಿನ ಮಕ್ಕಳಿಗೆ ತಲೆಯಿಂದ ಬಾಲ್ ಹೊಡೆಯೋದನ್ನ ನಿಲ್ಲಿಸಿದ್ರು. 2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಅಧ್ಯಯನ ಮಾಜಿ ವೃತ್ತಿಪರ ಆಟಗಾರರು ಮೆದುಳು ಕ್ಷೀಣಿಸೋ ಕಾಯಿಲೆಗಳಿಂದ ಸಾಯೋ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು ಅಂತ ತೋರಿಸ್ತು, ಮರುವರ್ಷ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಚಿಕ್ಕ ಮಕ್ಕಳ ಟ್ರೈನಿಂಗ್‌ನಿಂದ ಹೆಡ್ಡಿಂಗ್ ತೆಗೆದ್ವು, ಇಂಗ್ಲೆಂಡ್ 2024ರಿಂದ 11 ವರ್ಷದೊಳಗಿನವರ ಮ್ಯಾಚ್‌ನಿಂದಲೂ ಹಂತ ಹಂತವಾಗಿ ತೆಗೀತಿದೆ. ಅಂತಾರಾಷ್ಟ್ರೀಯ ಟೂರ್ನಿಯಲ್ಲಿ ಸಮಸ್ಯೆ ಏನಂದ್ರೆ ತನ್ನ ದೇಶದಲ್ಲಿ ಹೆಡ್ ಮಾಡೋದನ್ನ ಕಲಿಯದೇ ಇರೋ ಮಗು, ದಿನಾ ಹೆಡ್ ಮಾಡೋ ಮಕ್ಕಳ ಎದುರು ಕಾರ್ನರ್‌ಗೆ ನಿಲ್ಲಬೇಕಾಗಬಹುದು. ಎಲ್ಲಿ ಕಠಿಣ ನಿಯಮ ಇದೆಯೋ ಅದನ್ನೇ ಎಲ್ಲರಿಗೂ ಹಾಕೋದು ಸರಿ, ಇದರಲ್ಲಿ ಚರ್ಚೆಗೆ ಏನಿದೆ ಅಂತ ನನಗೆ ಅರ್ಥ ಆಗಲ್ಲ.

ಹಾಗಾದ್ರೆ ಮಕ್ಕಳಿಗೆ ಸ್ಪರ್ಧೆನೇ ಬೇಡ್ವಾ? ಈ ಪ್ರಶ್ನೆ ಮೇಲೆ ಯುರೋಪ್‌ನಲ್ಲಿ ದೊಡ್ಡ ಜಗಳನೇ ನಡೆದಿದೆ. ನಾರ್ವೆಯಲ್ಲಿ 1987ರಿಂದಲೇ ಮಕ್ಕಳ ಕ್ರೀಡೆಗೆ ನಿಯಮ ಇದೆ, 2007ರಲ್ಲಿ ಪರಿಷ್ಕರಿಸಿದ್ರು. 11 ವರ್ಷ ಆಗೋವರೆಗೆ ಅಂಕಪಟ್ಟಿ, ರ‍್ಯಾಂಕಿಂಗ್ ಹಾಕೋ ಹಾಗಿಲ್ಲ, 13ಕ್ಕೆ ಮುಂಚೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ, ಯುರೋಪಿಯನ್ ಅಥವಾ ವಿಶ್ವ ಮಟ್ಟದ ಚಾಂಪಿಯನ್‌ಶಿಪ್‌ಗೂ ಕಳಿಸೋ ಹಾಗಿಲ್ಲ. ಪ್ರಪಂಚದ ಅತಿ ದೊಡ್ಡ ಮಕ್ಕಳ ಟೂರ್ನಿಗಳಲ್ಲಿ ಒಂದು ನಡೆಯೋ ದೇಶವೇ ಇಷ್ಟು ಕಟ್ಟುನಿಟ್ಟು. ಅದೇ ನಾರ್ವೆ ಎರ್ಲಿಂಗ್ ಹಾಲಂಡ್‌ನಂಥ ಆಟಗಾರನನ್ನ ಕೊಡ್ತು, 1998ರ ನಂತರ ಮೊದಲ ಸಲ 2026ರ ವಿಶ್ವಕಪ್‌ಗೆ ಅರ್ಹತೆ ಪಡೀತು. ನಿಯಮದಿಂದಲೇ ಹೀಗಾಯ್ತು ಅಂತ ಹೇಳೋಕಾಗಲ್ಲ, ಆದ್ರೆ ಅಂಕಪಟ್ಟಿ ತೆಗೆದ್ರೆ ಮಕ್ಕಳು ಮೆತ್ತಗಾಗ್ತಾರೆ ಅನ್ನೋ ವಾದ ಅಂತೂ ನಿಲ್ಲಲ್ಲ.

ಜರ್ಮನಿ 2024-25ರ ಸೀಸನ್‌ನಿಂದ ಚಿಕ್ಕ ಮಕ್ಕಳ ಆಟದ ಸ್ವರೂಪವನ್ನೇ ಬದಲಾಯಿಸ್ತು. ತೀರಾ ಚಿಕ್ಕವರು ಎರಡು ಅಥವಾ ಮೂರು ಜನರ ಟೀಮ್, ನಾಲ್ಕು ಸಣ್ಣ ಗೋಲು, ಲೀಗ್ ಟೇಬಲ್ ಇಲ್ಲ, ಒಂದೇ ಕಡೆ ಸೇರಿ ಹಬ್ಬದ ಥರ ಸಣ್ಣ ಸಣ್ಣ ಆಟ, ಆಗಾಗ ಆಟಗಾರರ ಅದಲು ಬದಲು. ಅಲ್ಲಿನ ಫೆಡರೇಷನ್‌ನ ದೊಡ್ಡ ಹುದ್ದೆಯಲ್ಲಿದ್ದ ಹಾನ್ಸ್-ಯೋಖಿಮ್ ವಾಟ್ಸ್ಕೆ ಅವರೇ ಇದನ್ನ ಬಹಿರಂಗವಾಗಿ ಟೀಕಿಸಿದ್ರು, ಸೋಲೋ ನೋವು ಗೊತ್ತಿಲ್ಲದ ಮಕ್ಕಳು ಗೆಲ್ಲೋದು ಹೇಗೆ ಅನ್ನೋ ಅರ್ಥದಲ್ಲಿ. ಆದ್ರೆ ಮೈದಾನದಲ್ಲಿ ಮಕ್ಕಳನ್ನ ನೋಡಿದವರಿಗೆ ಗೊತ್ತಿರುತ್ತೆ, ಮೂರು ಮೂರು ಜನ ಆಡುವಾಗಲೂ ಅವರೇ ಗೋಲು ಎಣಿಸ್ತಾರೆ, ಸೋತ್ರೆ ಅಳ್ತಾರೆ, ಎರಡು ನಿಮಿಷಕ್ಕೆ ಮರೆತು ಮತ್ತೆ ಓಡ್ತಾರೆ. ಸ್ಪರ್ಧೆ ಹೋಗಲ್ಲ, ಹೋಗೋದು ದೊಡ್ಡವರು ಗೋಡೆ ಮೇಲೆ ಅಂಟಿಸೋ ಪಟ್ಟಿ ಮಾತ್ರ. ಮತ್ತೆ ಏಳು ಜನ, ಹನ್ನೊಂದು ಜನರ ಆಟದಲ್ಲಿ ಅಂಜುಬುರುಕ ಮಗು ಬಾಲ್ ಮುಟ್ಟದೇ ಮನೆಗೆ ಹೋಗಬಹುದು, ಮೂರು ಜನರ ಆಟದಲ್ಲಿ ಅದು ಆಗೋಕೇ ಸಾಧ್ಯ ಇಲ್ಲ.

ಗೋಥಿಯಾದಲ್ಲಿ ನನಗೆ ಇಷ್ಟವಾಗೋ ಒಂದು ವ್ಯವಸ್ಥೆ ಇದೆ, ಗುಂಪಿನ ಮ್ಯಾಚ್‌ಗಳಲ್ಲಿ ಕೆಳಗೆ ಬಂದ ಟೀಮ್‌ಗಳನ್ನೂ ಮನೆಗೆ ಕಳಿಸಲ್ಲ, ಅವರಿಗೇ ಬಿ ಪ್ಲೇಆಫ್ ಅಂತ ಇನ್ನೊಂದು ನಾಕೌಟ್ ಇರುತ್ತೆ. ಸೋತ ಟೀಮ್‌ಗೂ ಮುಂದೆ ಆಡೋಕೆ ಒಂದು ಮ್ಯಾಚ್ ಇರುತ್ತೆ ಅನ್ನೋದು ಟೀಮ್ ಮಟ್ಟದಲ್ಲಿ ಸರಿಯಾದ ಯೋಚನೆ. ಅದನ್ನ ಇನ್ನೂ ಒಂದು ಹೆಜ್ಜೆ ಕೆಳಗೆ, ಟೀಮ್ ಒಳಗಿನ ಪ್ರತಿ ಮಗುವಿನವರೆಗೆ ತರಬೇಕು. ಸಾವಿರಾರು ಕಿಲೋಮೀಟರ್ ದೂರದಿಂದ ಬಂದ ಟೀಮ್‌ನಲ್ಲಿ ಹದಿನಾರು ಮಕ್ಕಳಿದ್ರೆ ನಾಕೌಟ್ ಬಂದ ತಕ್ಷಣ ಕೊನೆಯ ನಾಲ್ಕೈದು ಜನ ಬೆಂಚ್‌ಗೆ ಅಂಟ್ಕೊಂಡುಬಿಡ್ತಾರೆ. ಅವರು ಯಾರು ಅಂತ ನೋಡಿದ್ರೆ ವರ್ಷದ ಕೊನೆಯಲ್ಲಿ ಹುಟ್ಟಿದವರು, ಇನ್ನೂ ಬೆಳೆಯದವರೇ ಜಾಸ್ತಿ ಇರ್ತಾರೆ, ಮೇಲೆ ಹೇಳಿದ ಇಡೀ ಅನ್ಯಾಯ ಆ ಬೆಂಚ್ ಮೇಲೆ ಬಂದು ಕೂತಿರುತ್ತೆ. ಅಪ್ಪ ಅಮ್ಮ ಎಲ್ಲರಷ್ಟೇ ಫೀ ಕಟ್ಟಿರ್ತಾರೆ.

ಅಮೆರಿಕದಲ್ಲಿ 1964ರಲ್ಲಿ ಶುರುವಾದ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್‌ನಲ್ಲಿ ಪ್ರತಿ ಮಗು ಪ್ರತಿ ಮ್ಯಾಚ್‌ನ ಕನಿಷ್ಠ ಅರ್ಧ ಹೊತ್ತು ಆಡಲೇಬೇಕು ಅನ್ನೋ ನಿಯಮ ಇದೆ, ಅದನ್ನ ದಶಕಗಳಿಂದ ನಡೆಸ್ಕೊಂಡು ಬಂದಿದ್ದಾರೆ, ಹಾಗಾಗಿ ಇದು ಆಗದ ಮಾತಲ್ಲ. 14 ವರ್ಷದೊಳಗಿನ ಎಲ್ಲ ವಿಭಾಗಕ್ಕೂ ಅಂತಾರಾಷ್ಟ್ರೀಯ ಟೂರ್ನಿಗಳು ಇದೇ ನಿಯಮ ತರಬೇಕು, ಫೈನಲ್‌ನಲ್ಲೂ. ಕೋಚ್‌ಗಳು ಹೇಳೋ ಆಕ್ಷೇಪ ನನಗೆ ಗೊತ್ತು, ಎದುರಾಳಿ ಒಳ್ಳೊಳ್ಳೆಯವರನ್ನೇ ಇಳಿಸಿದ್ರೆ ನಾವು ಯಾಕೆ ಸೋಲಬೇಕು ಅಂತ. ಆದ್ರೆ ನಿಯಮ ಎರಡೂ ಕಡೆಗೆ ಒಂದೇ ಆದ್ಮೇಲೆ ಆ ಆಕ್ಷೇಪ ಉಳಿಯಲ್ಲ, ಆಗ ಗೆಲ್ಲೋದು ಹದಿನಾರು ಮಕ್ಕಳನ್ನೂ ಚೆನ್ನಾಗಿ ತಯಾರು ಮಾಡಿದ ಕೋಚ್, ಬೇಗ ಬೆಳೆದ ಮೂರು ಜನರನ್ನ ಹುಡುಕಿ ತಂದವರಲ್ಲ. ಇದಕ್ಕೆ ಹೊಸ ಯಂತ್ರ, ಹೊಸ ಬಜೆಟ್ ಏನೂ ಬೇಡ. ಗೋಲು, ಹಳದಿ ಕಾರ್ಡ್ ಬರ್ಕೊಳ್ಳೋ ಮ್ಯಾಚ್ ಶೀಟ್‌ನಲ್ಲೇ ಪ್ರತಿ ಹೆಸರಿನ ಮುಂದೆ ಆಡಿದ ನಿಮಿಷಕ್ಕೆ ಒಂದು ಕಾಲಂ ಸೇರಿಸಿ, ಫಲಿತಾಂಶದ ಜೊತೆಗೇ ಯಾವ ಟೀಮ್ ಎಷ್ಟು ಮಕ್ಕಳನ್ನ ಅರ್ಧ ಹೊತ್ತಿಗಿಂತ ಕಡಿಮೆ ಆಡಿಸ್ತು ಅನ್ನೋದನ್ನ, ಮಗುವಿನ ಹೆಸರು ಹಾಕದೆ, ಅದೇ ದಿನ ಸಂಜೆ ಪ್ರಕಟ ಮಾಡಿದ್ರೆ ಸಾಕು, ಮುಂದಿನ ಜುಲೈಗೇ ಶುರು ಮಾಡಬಹುದು.